ಮೇವು ತಿಂದರೂ ಮೀನು ಮೈ ಹಿಡಿಯದಿದ್ದರೆ: ಕೃಷಿ ಹೊಂಡದ ದೋಷ ಹುಡುಕುವ ಬಗೆ

ಏಪ್ರಿಲ್ ತಿಂಗಳಲ್ಲಿ ಜೇವರ್ಗಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ದೂರದ ಸಂಬಂಧಿ. ನನ್ನನ್ನು ಕಾಕಾ ಅಂತಾನೆ.

"ಕಾಕಾ, ಮೂರು ಸಲ ಫೀಡ್ ಬದಲ ಮಾಡೀನ್ರಿ. ಎಂಟು ತಿಂಗಳಾತು, ಮೀನ ಇನ್ನೂ ಅಂಗೈಯಷ್ಟೇ ಅದಾವ. ಯಾವ ಕಂಪನಿದು ಹಾಕಲಿ ಹೇಳ್ರಿ."

"ನಸುಕಿನ್ಯಾಗ ಹೊಂಡದ ಕಡೆ ಹೋಗೀಯೇನು ತಮ್ಮಾ?" ಅಂದೆ.

ಹೋಗಿರಲಿಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಹೋಗಿರುವುದಿಲ್ಲ. ಮೀನು ಬೆಳೆಯದಿದ್ದರೆ ಎಲ್ಲರ ಕಣ್ಣು ಮೊದಲು ಮೇವಿನ ಚೀಲದ ಮೇಲೆ ಬೀಳುತ್ತದೆ. ಅದಕ್ಕೆ ದುಡ್ಡು ಕೊಟ್ಟಿರುತ್ತೇವೆ, ಅಲ್ವಾ? ನೀರು ಪುಕ್ಕಟೆ ಬಂದದ್ದು, ಅದನ್ನು ಯಾರೂ ಅನುಮಾನಿಸುವುದಿಲ್ಲ. ನಾನು ನೋಡಿದ ಹೊಂಡಗಳಲ್ಲಿ ಕೆಟ್ಟ ಮೇವಿಗಿಂತ, ಒಳ್ಳೆ ಮೇವನ್ನು ತಿಂದು ಅರಗಿಸಿಕೊಳ್ಳಲಾಗದ ಮೀನೇ ಜಾಸ್ತಿ. ಅದಕ್ಕೇ ಇಲ್ಲಿ ಚೀಲದ ಮಾತು ತಡವಾಗಿ ಬರುತ್ತದೆ.

ಇಲ್ಲಿ ಹೇಳುವುದೆಲ್ಲ ನಮ್ಮ ಕಡೆಯ ಹೊಂಡಕ್ಕೆ. ಕಲಬುರಗಿ, ಯಾದಗಿರಿಯ ಕರಿ ಮಣ್ಣು, ಬೀದರ್‌ನ ಕೆಂಪು ಮಣ್ಣು, ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ, ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ. ಮೀನು ಎಂದರೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ನಾಲ್ಕೂ ಗೆಂಡೆ ಜಾತಿಯವೇ. ಅಲ್ಲಲ್ಲಿ ಮೀನು ತಿನ್ನುವ ಕೊರವ.

ಮೊದಲು ಲೆಕ್ಕ

ಬಲೆ ಹಾಕಿ 20 ಮೀನು ಹಿಡಿಯಿರಿ. ದೊಡ್ಡವನ್ನೇ ಆರಿಸಬೇಡಿ, ಬಂದಷ್ಟು ಬಂದ ಹಾಗೆ. ಒದ್ದೆ ಚೀಲದಲ್ಲಿ ಹಾಕಿ ಒಟ್ಟಿಗೆ ತೂಗಿ, ಇಪ್ಪತ್ತರಿಂದ ಭಾಗಿಸಿ. ಜೇವರ್ಗಿಯಲ್ಲಿ ನಾವು ತೂಗಿದಾಗ ಬಂದದ್ದು 2 ಕಿಲೋ 400 ಗ್ರಾಂ. ಅಂದರೆ ಒಂದಕ್ಕೆ 120 ಗ್ರಾಂ.

"ಎಷ್ಟು ಮರಿ ಬಿಟ್ಟಿದ್ದಿ?" ಅಂತ ಕೇಳಿದೆ. 2,500 ಅಂದ. ಮರಿ ಮಾರಿದವನು "ಅರ್ಧ ಸಾಯ್ತಾವ, ಜಾಸ್ತಿ ಬಿಡು" ಅಂದಿದ್ದನಂತೆ. ಸಾಯಲಿಲ್ಲ, ಅದೇ ತೊಂದರೆಯಾಯಿತು. ಈ ಅಳತೆಯ ಹೊಂಡದ ಮೇಲ್ಮೈ 441 ಚದರ ಮೀಟರ್. ಗಾಳಿ ಹಾಕುವ ಯಂತ್ರ ಇಲ್ಲದ ಕಡೆ ಚದರ ಮೀಟರಿಗೆ ಒಂದು ಮೀನು ಅನ್ನುವುದು ಹಳೆಯ, ನಂಬಬಹುದಾದ ಲೆಕ್ಕ. ಅಂದರೆ 400ರಿಂದ 450. ಸಾವಿನ ಲೆಕ್ಕ ಅವನ ಬಳಿ ಇರಲಿಲ್ಲ. ನಾವಿಬ್ಬರೂ ಸೇರಿ 1,800 ಉಳಿದಿರಬಹುದು ಎಂದು ಅಂದಾಜು ಮಾಡಿದೆವು. ಒಟ್ಟು 216 ಕಿಲೋ ಮೀನು. ಈ ಗಾತ್ರದ ಮೀನಿಗೆ ದಿನಕ್ಕೆ ಮೈತೂಕದ ಶೇಕಡ 2ರಿಂದ 3ರಷ್ಟು ಮೇವು ಬೇಕು, ಅಂದರೆ ಸುಮಾರು 4.3ರಿಂದ 6.5 ಕಿಲೋ. ಅವನು ಹಾಕುತ್ತಿದ್ದುದು 3 ಕಿಲೋ. ಅದರ ಮೇಲೆ ಏಪ್ರಿಲ್‌ನಲ್ಲಿ ಹೊಂಡದ ಅರ್ಧ ನೀರು ಕಲ್ಲಂಗಡಿಗೆ ಹೋಗಿತ್ತು. ನೀರು ಅರ್ಧ, ಮೀನು ಅಷ್ಟೇ.

ಹಾಗಾದರೆ ಮೇವು ಹೆಚ್ಚಿಸಿದರೆ ಆಯಿತಲ್ಲ ಎನ್ನಬಹುದು. ಅವನೂ ಅದನ್ನೇ ಅಂದ. ಮಾರನೇ ದಿನ ನಸುಕಿಗೆ ಬಾ, ತೋರಿಸುತ್ತೇನೆ ಅಂದೆ.

ನಸುಕಿನ ಪರೀಕ್ಷೆ

ಐದೂವರೆಗೆ ಬ್ಯಾಟರಿ ಹಿಡಿದು ಹೋಗಿ. ಮಾತಾಡಬೇಡಿ, ಮೇವು ಚೆಲ್ಲಬೇಡಿ. ಸುಮ್ನೆ ನಿಂತು ನೋಡಿ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಪಚಪಚ ಎನ್ನುತ್ತಿದ್ದರೆ ನಿಮಗೆ ಉತ್ತರ ಸಿಕ್ಕಿತು. ನೀರಲ್ಲಿ ಉಸಿರಿಲ್ಲ. ಅದು ಹಸಿವಿನ ಗುರುತು ಅಂದುಕೊಂಡು ಆಗಲೇ ಮೇವು ಹಾಕುವವರನ್ನೂ ನೋಡಿದ್ದೇನೆ.

ನೀರು ಹಸಿರಾಗಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಿಂದ. ಹಗಲು ಬಿಸಿಲಿರುವಾಗ ಅದು ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಮೀನಿನ ಹಾಗೆ ಆಮ್ಲಜನಕವನ್ನು ಬಳಸುತ್ತದೆ. ಹೀಗಾಗಿ ಸೂರ್ಯ ಹುಟ್ಟುವ ಮುಂಚೆ ನೀರಿನ ಆಮ್ಲಜನಕ ಅತಿ ಕಡಿಮೆ. ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ಮೀನು ಆರಾಮ. 3ಕ್ಕಿಂತ ಇಳಿದರೆ ಒದ್ದಾಟ. ಮೇವು ಜಾಸ್ತಿ ಹಾಕಿದಷ್ಟೂ ಹೊಲಸು ಜಾಸ್ತಿ, ಹೊಲಸು ಜಾಸ್ತಿಯಾದಷ್ಟೂ ಪಾಚಿ ದಟ್ಟ, ಪಾಚಿ ದಟ್ಟವಾದಷ್ಟೂ ನಸುಕಿಗೆ ಉಸಿರು ಕಡಿಮೆ. ರಾತ್ರಿಯಿಡೀ ಉಸಿರಿಗೆ ಒದ್ದಾಡಿದ ಮೀನಿಗೆ ಬೆಳಿಗ್ಗೆ ಏಳಕ್ಕೆ ಎಂಥ ಮೇವು ಹಾಕಿದರೂ ಅದು ಮೈಗೆ ಹತ್ತುವುದಿಲ್ಲ.

ನಮ್ಮ ಬೇಸಿಗೆ ಇದಕ್ಕೆ ಇನ್ನಷ್ಟು ಕೂಡಿಸುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 35 ಡಿಗ್ರಿಯಲ್ಲಿ ಸುಮಾರು 7 ಮಾತ್ರ. ಅದೇ ಬಿಸಿಗೆ ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚು.

ಜೇವರ್ಗಿಯ ಹೊಂಡದಲ್ಲಿ ಆ ನಸುಕಿಗೆ ನೀರಿನ ಮೇಲೆಲ್ಲ ಬಾಯಿಗಳೇ. ಹುಡುಗ ಮಾತೇ ಆಡಲಿಲ್ಲ.

ಪರಿಹಾರ ಏನು? ತಕ್ಷಣಕ್ಕೆ ಬೋರ್‌ವೆಲ್ ನೀರನ್ನು ಎತ್ತರದಿಂದ ಚಿಮ್ಮುವ ಹಾಗೆ ಬಿಡಿ, ಇಲ್ಲವೇ ಹೊಂಡದ ನೀರನ್ನೇ ಪಂಪಿನಿಂದ ಎತ್ತಿ ಹೊಂಡಕ್ಕೇ ಸುರಿಸಿ. ರಾತ್ರಿ ಎರಡರಿಂದ ಆರರವರೆಗೆ ಇದು ಬೇಕು, ಹಗಲಲ್ಲಿ ಅಲ್ಲ. ಮೇವನ್ನು ಬಿಸಿಲೇರಿದ ಮೇಲೆ ಒಂಬತ್ತಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಹಾಕಿ. ಮಳೆಗಾಲದಲ್ಲಿ ಮೂರು ದಿನ ಮೋಡ ಮುಚ್ಚಿದರೆ ಮೇವು ನಿಲ್ಲಿಸಿ. ಶಾಶ್ವತ ಪರಿಹಾರ ಒಂದೇ, ಮೀನು ಕಡಿಮೆ ಮಾಡುವುದು. ಹುಡುಗ ಸಾವಿರದಷ್ಟು ಸಣ್ಣ ಮೀನನ್ನು ಬಂದ ಬೆಲೆಗೆ ಮಾರಿದ. ಒಂದಿಷ್ಟನ್ನು ಭಾವನ ಹೊಂಡಕ್ಕೆ ಸಾಗಿಸಿದ. ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ.

ಒಂದು ಎಚ್ಚರಿಕೆ. ಕೊರವ ಸಾಕಿದವರು ಈ ಪರೀಕ್ಷೆಯನ್ನು ನಂಬಬೇಡಿ. ಅದು ಸ್ವಭಾವದಿಂದಲೇ ಮೇಲೆ ಬಂದು ಗಾಳಿ ಎಳೆಯುವ ಮೀನು. ನೀರು ಎಷ್ಟೇ ಚೆನ್ನಾಗಿದ್ದರೂ ಬರುತ್ತದೆ.

ಮೊಣಕೈ ಮತ್ತು ಸುಣ್ಣ

ನೀರಿನ ಹಸಿರು ಎಷ್ಟಿರಬೇಕು? ಹೊಂಡದ ಅಂಚಲ್ಲಿ ಕೂತು ಕೈ ಚಾಚಿ ಮೊಣಕೈವರೆಗೆ ಮುಳುಗಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾಗಿ ಮಾಯವಾದರೆ ಸರಿ. ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಕಾಣದಿದ್ದರೆ ಪಾಚಿ ಅತಿಯಾಗಿದೆ, ಮೇವು ಅರ್ಧ ಮಾಡಿ. ಮೊಣಕೈ ದಾಟಿದರೂ ಉಗುರು ಕಾಣುತ್ತಿದ್ದರೆ ನೀರು ಬಡವಾಗಿದೆ. ಅದರಲ್ಲಿ ಮೀನಿಗೆ ತಾನಾಗಿ ಸಿಗುವ ಊಟ ಇಲ್ಲ. ಇನ್ನೂ ಕರಾರುವಾಕ್ಕಾಗಿ ಬೇಕೆಂದರೆ ಬಿಳಿ ತಟ್ಟೆಗೆ ಹಗ್ಗ ಕಟ್ಟಿ ಇಳಿಸಿ. 25ರಿಂದ 40 ಸೆಂಟಿಮೀಟರ್ ಆಳದಲ್ಲಿ ಅದು ಮರೆಯಾಗಬೇಕು.

ಸುಣ್ಣದ ಬಗ್ಗೆ ನನಗೆ ಸಿಟ್ಟಿದೆ. ಯಾವ ಕರಪತ್ರ ನೋಡಿದರೂ "ಸುಣ್ಣ ಹಾಕಿ" ಅಂತ ಇರುತ್ತದೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಅದು ಬೇಕು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಕೆಳಗೆಲ್ಲ ಸುಣ್ಣಕಲ್ಲೇ. ಅದರಿಂದಲೇ ಸಿಮೆಂಟ್ ಮಾಡುತ್ತಾರೆ. ಅಲ್ಲಿನ ಬೋರ್ ನೀರಿಗೆ ಮತ್ತೆ ಸುಣ್ಣ ಹಾಕುವ ಮುಂಚೆ ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ತೋರಿಸುವ ಅಂಕಿ, ನೋಡಬೇಕಲ್ಲವೇ? ಪಿಎಚ್ ಮತ್ತು ಅಮೋನಿಯಾ ನೋಡುವ ಕಿಟ್ ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಬೀದರ್‌ನ ಜಂಬಿಟ್ಟಿಗೆ ಮಣ್ಣಿನಲ್ಲಿ ಲೆಕ್ಕ ಬೇರೆ ಬರಬಹುದು. ಅಲ್ಲಿಯೂ ಅಳೆದೇ ಹಾಕಿ.

ಪಿಎಚ್‌ಗೂ ಮೇವಿಗೂ ನಂಟಿದೆ. ಮೀನು ತಿಂದ ಪ್ರೋಟೀನ್‌ನಲ್ಲಿ ಮೈಗೆ ಹತ್ತದ್ದು ಅಮೋನಿಯಾ ಆಗಿ ಹೊರಬರುತ್ತದೆ. ನೀರಿಗೆ ಬಿದ್ದು ಕೊಳೆತ ಮೇವೂ ಅಷ್ಟೇ. ಅಮೋನಿಯಾ ಎಲ್ಲವೂ ವಿಷವಲ್ಲ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಅದರ ಶೇಕಡ 1ಕ್ಕಿಂತ ಕಡಿಮೆ ಭಾಗ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ 7ರ ಸುತ್ತ. 9 ಆದರೆ 40 ದಾಟುತ್ತದೆ. ಪಾಚಿ ದಟ್ಟವಾದ ಹೊಂಡದಲ್ಲಿ ಮಧ್ಯಾಹ್ನ ಮೂರಕ್ಕೆ ಪಿಎಚ್ 9 ಮುಟ್ಟುವುದು ದೊಡ್ಡ ವಿಷಯವೇನಲ್ಲ. ಅಂಥ ನೀರಿಗೆ ಇನ್ನೂ ಜಾಸ್ತಿ ಪ್ರೋಟೀನ್ ಇರುವ ದುಬಾರಿ ಚೀಲ ತಂದು ಸುರಿದರೆ ಮೀನು ಮತ್ತಷ್ಟು ಕುಗ್ಗುತ್ತದೆ. ದುಡ್ಡು ಕೊಟ್ಟು ತೊಂದರೆ ತಂದ ಹಾಗೆ.

ಚೀಲ

ಈಗ ಚೀಲಕ್ಕೆ ಬರೋಣ. ಇಲ್ಲಿ ನನ್ನದೇ ತಪ್ಪು ಹೇಳಬೇಕು. ಒಂದು ವರ್ಷ ಬೆಲೆ ಏರುತ್ತದೆ ಎಂದು ಮಾರ್ಚ್‌ನಲ್ಲೇ ಹನ್ನೆರಡು ಚೀಲ ತಂದು ಪತ್ರಾಸ್ ಶೆಡ್‌ನಲ್ಲಿ ಪೇರಿಸಿದೆ. ಮೇ ತಿಂಗಳಲ್ಲಿ ಮೀನು ಬಂದು ಕಾಳನ್ನು ಬಾಯಿಗೆ ಹಾಕಿಕೊಂಡು ಉಗುಳತೊಡಗಿತು. ಚೀಲಕ್ಕೆ ಮೂಗಿಟ್ಟೆ. ಹಳೆ ಶೇಂಗಾ ಎಣ್ಣೆಯ ಕಮಟು ವಾಸನೆ. 42 ಡಿಗ್ರಿ ಬಿಸಿಲಿಗೆ ತಗಡಿನ ಕೆಳಗೆ ಮೇವಿನ ಎಣ್ಣೆ ಕಮಟಾಗದೆ ಇನ್ನೇನಾದೀತು?

ಕಮಟು ಬರೀ ರುಚಿಯ ಪ್ರಶ್ನೆಯಲ್ಲ. ಕೆಟ್ಟ ಕೊಬ್ಬು ಮೀನಿನ ಮೈಯಲ್ಲಿರುವ ಇ ವಿಟಮಿನ್ ಅನ್ನು ತಿಂದುಹಾಕುತ್ತದೆ. ಜಪಾನಿನಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆದ ಮೇಲೆ ಉಳಿದ ಹುಳುವನ್ನು ಗೆಂಡೆಗೆ ಹಾಕುತ್ತಿದ್ದರು. ಆ ಹುಳುವಿನ ಎಣ್ಣೆ ಕಮಟಾದಾಗ ಗೆಂಡೆಯ ಬೆನ್ನಿನ ಮಾಂಸ ಕರಗಿ, ಬೆನ್ನು ಕತ್ತಿಯಂಚಿನ ಹಾಗಾಗುತ್ತಿತ್ತು. ಸೆಕೊಕೆ ಎಂದು ಅದಕ್ಕೆ ಹೆಸರು. ಮೇವಿಗೆ ಇ ವಿಟಮಿನ್ ಸೇರಿಸಿದರೆ ಅದು ಬರುತ್ತಿರಲಿಲ್ಲ. ನಿಮ್ಮ ರೋಹುವಿನ ತಲೆ ದಪ್ಪ, ಬೆನ್ನು ಸಣ್ಣ ಕಾಣುತ್ತಿದ್ದರೆ ಚೀಲ ಮೂಸಿ ನೋಡಿ. ಕಾಟ್ಲಾ ನೋಡಿ ಹೆದರಬೇಡಿ, ಅದರ ತಲೆ ಇರುವುದೇ ಹಾಗೆ.

ಬಿಸಿಗೆ ಹಾಳಾಗುವ ಇನ್ನೊಂದು ಸಿ ವಿಟಮಿನ್. ನಮ್ಮ ಗೆಂಡೆಗಳ ಮೈಯಲ್ಲಿ ಅದು ತಯಾರಾಗುವುದಿಲ್ಲ, ಊಟದಿಂದಲೇ ಬರಬೇಕು. ಕೊರತೆಯಾದರೆ ಮರಿಗಳ ಬೆನ್ನುಮೂಳೆ ಸೊಟ್ಟಗಾಗುತ್ತದೆ. ತಿಂಗಳಿಗೆ ಬೇಕಾದಷ್ಟೇ ತನ್ನಿ. ಕಲ್ಲಿನ ಗೋಡೆಯ ಕೋಣೆಯಲ್ಲಿ, ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ. ತಯಾರಾದ ತಾರೀಖು ನೋಡದೆ ದುಡ್ಡು ಕೊಡಬೇಡಿ.

ಮನೆಯಲ್ಲೇ ಮೇವು ಮಾಡುವವರ ಕಷ್ಟ ಬೇರೆ. ಶೇಂಗಾ ಹಿಂಡಿಯಲ್ಲಿ ಶೇಕಡ 40ರ ಆಸುಪಾಸು ಪ್ರೋಟೀನ್, ಅಕ್ಕಿ ತೌಡಿನಲ್ಲಿ 12ರ ಆಸುಪಾಸು. ಅರ್ಧಕ್ಕರ್ಧ ಬೆರೆಸಿದರೆ 26. ಕಾಗದದ ಮೇಲೆ ಅಂಗಡಿ ಚೀಲಕ್ಕೆ ಸಮ. ಮತ್ಯಾಕೆ ಬೆಳೆಯುವುದಿಲ್ಲ? ಶೇಂಗಾ ಪ್ರೋಟೀನ್‌ನಲ್ಲಿ ಲೈಸಿನ್, ಮೆಥಿಯೊನಿನ್ ಎನ್ನುವ ಎರಡು ತುಣುಕು ಕಡಿಮೆ. ಅವಿಲ್ಲದೆ ಮಾಂಸ ಕಟ್ಟುವುದಿಲ್ಲ, ಉಳಿದದ್ದು ಹೊಟ್ಟೆಯ ಕೊಬ್ಬಾಗುತ್ತದೆ. ಅದರ ಮೇಲೆ ಪುಡಿ ಎರಚಿದರೆ ಬಹಳಷ್ಟು ನೀರಲ್ಲಿ ಕರಗಿ ಪಾಚಿಗೆ ಗೊಬ್ಬರ. ಆಂಧ್ರದವರು ತೂತು ಮಾಡಿದ ಗೊಬ್ಬರದ ಚೀಲದಲ್ಲಿ ಮೇವು ತುಂಬಿ, ಕಂಬಕ್ಕೆ ಕಟ್ಟಿ ನೀರಲ್ಲಿ ಇಳಿಬಿಡುತ್ತಾರೆ. ಮೀನು ತೂತಿಗೆ ಬಾಯಿ ಹಚ್ಚಿ ಎಳೆದು ತಿನ್ನುತ್ತದೆ. ನಾವೂ ಮಾಡಬಹುದು, ಖರ್ಚಿಲ್ಲ.

ಹಿಂಡಿಗೆ ಬೂಷ್ಟು ಬಂದಿದ್ದರೆ ಒಲೆಗೆ ಹಾಕಿ. ಬಿಸಿಲಿಗೆ ಹರವಿದರೆ ಬೂಷ್ಟು ಉದುರುತ್ತದೆ, ಅಫ್ಲಾಟಾಕ್ಸಿನ್ ಎಂಬ ವಿಷ ಉಳಿಯುತ್ತದೆ. ಅದು ಲಿವರ್ ಕೆಡಿಸುತ್ತದೆ. ಎಮ್ಮೆಗೂ ಹಾಕಬೇಡಿ, ಹಾಲಿಗೂ ಇಳಿಯುತ್ತದೆ. ತೊಗರಿ ಚುನ್ನಿಯನ್ನು, ಅಂದರೆ ಬೇಳೆ ಒಡೆಯುವಾಗ ಉಳಿಯುವ ನುಚ್ಚು ಹೊಟ್ಟನ್ನು, ಬೇಯಿಸಿ ಹಾಕಿ. ಹಸಿ ಕಾಳಿನಲ್ಲಿ ಪ್ರೋಟೀನ್ ಅರಗಲು ಬಿಡದ ಅಂಶ ಇರುತ್ತದೆ, ಬೆಂದರೆ ಹೋಗುತ್ತದೆ. ಹತ್ತಿಕಾಳಿನ ಹಿಂಡಿಯನ್ನು ನಾನು ಮೀನಿಗೆ ಹಾಕುವುದೇ ಇಲ್ಲ.

"ನಮ್ಮಪ್ಪ ಕೆರಿಗೆ ಬರೀ ತೌಡು ಚೆಲ್ಲತಿದ್ದ, ಮೀನ ಎರಡೆರಡು ಕಿಲೋ ಬರತಿದ್ದವು" ಅಂತ ಹೇಳುವವರಿದ್ದಾರೆ. ನಿಜ. ಕೆರೆಯಲ್ಲಿ ಕೆಸರಿದೆ, ಹುಳವಿದೆ, ನೀರಿನ ಸೂಕ್ಷ್ಮ ಜೀವಿಗಳಿವೆ. ಪ್ರೋಟೀನ್, ವಿಟಮಿನ್ ಅಲ್ಲಿಂದ ಬರುತ್ತಿತ್ತು, ತೌಡು ಬರೀ ಮೇಲೋಗರ. ಪ್ಲಾಸ್ಟಿಕ್ ಹೊದಿಸಿದ ಹೊಂಡದಲ್ಲಿ ತಳವೇ ಇಲ್ಲ. ಮೃಗಾಲ್‌ನಂಥ ತಳ ಕೆದಕುವ ಮೀನಿಗೆ ಅಲ್ಲಿ ಏನು ಸಿಕ್ಕೀತು? ಹಸಿರು ನೀರು ಕೊಡುವ ಅಷ್ಟಿಷ್ಟನ್ನು ಬಿಟ್ಟರೆ ಅಲ್ಲಿ ಚೀಲದ ಮೇವೇ ಊಟ. ಅದರಲ್ಲಿ ಇಲ್ಲದ್ದು ಮೀನಿಗೆ ಸಿಗುವುದು ಕಷ್ಟ.

ಒಂದು ಮೀನು ಕೊಯ್ಯಿರಿ

ಇಷ್ಟಾದರೂ ಗೊತ್ತಾಗದಿದ್ದರೆ ಹೊಟ್ಟೆ ತೆರೆದು ನೋಡುವುದೇ. ಮೇವು ಹಾಕಿ ಎರಡು ಗಂಟೆ ಬಿಟ್ಟು ಹಿಡಿಯಿರಿ. ಕರುಳು ಖಾಲಿಯಿದ್ದರೆ ಮೀನು ತಿನ್ನುತ್ತಲೇ ಇಲ್ಲ, ನೀರಿನ ಪರೀಕ್ಷೆಗೆ ವಾಪಸ್ ಹೋಗಿ. ಕರುಳಿನ ಸುತ್ತ ಬಿಳಿ ಕೊಬ್ಬಿನ ಗಡ್ಡೆ ಇದ್ದರೆ ತೌಡು, ಎಣ್ಣೆ ಹೆಚ್ಚಾಗಿದೆ, ಪ್ರೋಟೀನ್ ಸಾಲದು. ಲಿವರ್ ಕೆಂಗಂದು ಬಣ್ಣ ಇರಬೇಕು. ಹಳದಿ ಬಿಳಿಚಿ, ಚುಕ್ಕೆ ಚುಕ್ಕೆ ಇದ್ದರೆ ಕಮಟು ಮೇವು ಅಥವಾ ಬೂಷ್ಟನ್ನು ಅನುಮಾನಿಸಿ. ಕಿವಿರು ಚಾಕಲೇಟ್ ಬಣ್ಣ ಇದ್ದರೆ ನೀರಲ್ಲಿ ನೈಟ್ರೈಟ್, ಅಮೋನಿಯಾದಿಂದಲೇ ಆಗುವ ಇನ್ನೊಂದು ವಿಷ. ಆಗ ಮೇವು ನಿಲ್ಲಿಸಿ, ನೀರು ಬದಲಿಸಿ. ಉಪ್ಪು ಹಾಕಿದರೂ ಗುಣ ಕಾಣುತ್ತದೆ.

ಲಿವರ್ ಚೆನ್ನಾಗಿದ್ದ ಮೀನು ಸಾರಿಗೆ ಹೋಗುತ್ತದೆ. ಪರೀಕ್ಷೆ ಪುಕ್ಕಟೆ ಆದಂತೆ.

ಮಣ್ಣಿನ ವಾಸನೆ

ತೂಕ ಚೆನ್ನಾಗಿದೆ, ಆದರೆ ಗಿರಾಕಿ ಒಮ್ಮೆ ಕೊಂಡವನು ಮತ್ತೆ ಬರುವುದಿಲ್ಲ. ಕೇಳಿದರೆ "ಮಣ್ಣ ವಾಸನಿ ಬರ್ತದ" ಅಂತಾನೆ. ಇದು ಮೇವಿನದೂ ಅಲ್ಲ, ಮಣ್ಣಿನದೂ ಅಲ್ಲ. ನೀಲಿಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾ ಜಿಯೊಸ್ಮಿನ್ ಎನ್ನುವ ವಸ್ತು ಮಾಡುತ್ತವೆ. ಮೊದಲ ಮಳೆಯ ನೆಲದ ವಾಸನೆಯಲ್ಲಿರುವುದೂ ಅದೇ. ಅಲ್ಲಿ ಚೆಂದ, ಸಾರಿನಲ್ಲಿ ಅಲ್ಲ. ಅದು ಕಿವಿರಿನಿಂದ ಒಳಹೋಗಿ ಮೀನಿನ ಕೊಬ್ಬಿನಲ್ಲಿ ಕೂರುತ್ತದೆ. ಕೊಬ್ಬು ಜಾಸ್ತಿ ಇದ್ದಷ್ಟೂ ಹೋಗುವುದು ತಡ. ಮಾರುವ ಮುಂಚೆ ಮೀನನ್ನು ಸಿಮೆಂಟ್ ತೊಟ್ಟಿಯಲ್ಲಿ ಶುದ್ಧ ಬೋರ್ ನೀರು ಹರಿಯಬಿಟ್ಟು, ಮೇವು ಹಾಕದೆ, ಮೂರರಿಂದ ಏಳು ದಿನ ಇಡಿ. ಒಂದನ್ನು ಉಪ್ಪು, ಖಾರ ಇಲ್ಲದೆ ಹಬೆಯಲ್ಲಿ ಬೇಯಿಸಿ ಮೂಸಿ ನೋಡಿ, ಆಮೇಲೆ ಮಾರಿ. ಅಡುಗೆಮನೆಯಲ್ಲಿ ಹುಣಸೆ ಹುಳಿ ಹಚ್ಚುವುದು ಸುಮ್ನೆ ಅಲ್ಲ. ಜಿಯೊಸ್ಮಿನ್ ಹುಳಿಗೆ ಒಡೆಯುತ್ತದೆ.

ಹಾವುಮೀನು ಕೇಳುವವರಿಗೆ

ಮೊಬೈಲ್‌ನಲ್ಲಿ ಜಪಾನಿನ ಹಾವುಮೀನು ಸಾಕಣೆ ನೋಡಿ ಮರಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸುವವರು ಈಗ ಹೆಚ್ಚಾಗಿದ್ದಾರೆ. ಮರಿ ಸಿಗುವುದಿಲ್ಲ. ಸಾಕುವ ಹಾವುಮೀನೆಲ್ಲ ಸಮುದ್ರದಿಂದ ನದಿ ಬಾಯಿಗೆ ಬರುವ ಗಾಜಿನಂಥ ಮರಿಯನ್ನು ಹಿಡಿದು ಬೆಳೆಸಿದ್ದು. ಜಪಾನಿನ ವಿಜ್ಞಾನಿಗಳು ತೊಟ್ಟಿಯಲ್ಲೇ ತಲೆಮಾರು ಮುಂದುವರಿಸಿದ್ದು 2010ರಲ್ಲಿ. ಅದಿನ್ನೂ ರೈತನ ಕೈಗೆಟುಕುವ ಮರಿಯಾಗಿಲ್ಲ. ಭೀಮಾದಲ್ಲಿ ಸಿಗುವ ಬೆನ್ನ ಮೇಲೆ ಮುಳ್ಳಿರುವ ಹಾವುಮೀನು ಬೇರೆಯೇ ಜಾತಿ. ಅದನ್ನು ತೋರಿಸಿ ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಆದರೆ ಜಪಾನಿನ ಸಾಕಣೆದಾರರ ಅನುಭವದಿಂದ ನಮಗೆ ಕಲಿಯಲು ಬಹಳಿದೆ. ಸಾಕಿದ ಹಾವುಮೀನಿನ 100 ಗ್ರಾಂ ಮಾಂಸದಲ್ಲಿ ಸುಮಾರು 17 ಗ್ರಾಂ ಪ್ರೋಟೀನ್, 19 ಗ್ರಾಂ ಕೊಬ್ಬು. ಎ ವಿಟಮಿನ್ ಕೂಡ ತುಂಬ ಇದೆ. ಮೀನುಪುಡಿ, ಆಲೂಗಡ್ಡೆ ಗಂಜಿಪುಡಿ, ಮೀನೆಣ್ಣೆ, ನೀರು ಸೇರಿಸಿ ಕಣಕದ ಹಾಗೆ ನಾದಿ ಮುದ್ದೆ ಹಾಕುತ್ತಾರೆ. ಮೀನೆಣ್ಣೆಯ ಬದಲು ಸಸ್ಯದ ಎಣ್ಣೆ ಹಾಕಿದರೂ ಮೀನು ಕೊಬ್ಬುತ್ತದೆ. ಆದರೆ ಆ ಕೊಬ್ಬಿನಲ್ಲಿ ಒಮೆಗಾ 3 ಕಡಿಮೆ, ಒಮೆಗಾ 6 ಜಾಸ್ತಿ. ಹೃದಯಕ್ಕೆ ಒಳ್ಳೆಯದು ಅಂತ ಮೀನು ತಿನ್ನುವುದೇ ಒಮೆಗಾ 3 ಸಲುವಾಗಿ, ಅಲ್ವಾ? ನಮ್ಮ ಕುಸುಬೆ, ಶೇಂಗಾ ಹಿಂಡಿ ತಿಂದ ಮೀನಿಗೂ ಇದೇ ಮಾತು. ಹಿಂಡಿಯಲ್ಲಿ ಉಳಿದ ಎಣ್ಣೆಯಲ್ಲಿ ಒಮೆಗಾ 6 ಇದೆ, ಒಮೆಗಾ 3 ಇಲ್ಲವೆನ್ನುವಷ್ಟು ಕಡಿಮೆ. ಅಗಸೆಯಲ್ಲಿ ಒಮೆಗಾ 3 ಇದೆ, ಬೇಯಿಸಿ ಸ್ವಲ್ಪ ಬೆರೆಸಬಹುದು. ಅದಕ್ಕಿಂತ ಸುಲಭದ್ದು ಮೊಣಕೈ ಪರೀಕ್ಷೆ ಪಾಸಾಗುವ ನೀರು. ಆ ಹಸಿರಿನಲ್ಲೂ, ಅದನ್ನು ತಿಂದು ಬದುಕುವ ಸಣ್ಣ ಜೀವಿಗಳಲ್ಲೂ ಒಮೆಗಾ 3 ಇರುತ್ತದೆ.

ಕೊರವ ಸಾಕುವವರು ಹಾವುಮೀನಿನ ಇನ್ನೊಂದು ರೋಗವನ್ನು ತಿಳಿದಿರಬೇಕು. ಹಸಿ ಮೀನು ತಿಂದ ಹಾವುಮೀನಿಗೆ ಬಿ1 ವಿಟಮಿನ್ ಕೊರತೆಯಾಗಿ ಮೈ ತಿರುಚಿಕೊಳ್ಳುತ್ತದೆ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಅನ್ನು ಒಡೆಯುವ ವಸ್ತು ಇರುತ್ತದೆ, ಗೆಂಡೆ ಜಾತಿಯಲ್ಲೂ ಇದೆ. ಕೊರವಕ್ಕೆ ಅಗ್ಗದ ಚಿಲ್ಲರೆ ಮೀನು ಹಾಕುವುದಾದರೆ ಒಂದು ಕುದಿ ಕುದಿಸಿ ಹಾಕಿ.

ಜೇವರ್ಗಿ ಹುಡುಗ ಮೂರನೇ ಸಲ ಬದಲಿಸಿದ ಕಂಪನಿಯ ಫೀಡನ್ನೇ ಮುಂದುವರಿಸಿದ. ದೀಪಾವಳಿ ಹೊತ್ತಿಗೆ ಉಳಿದ ಮೀನು ಮುಕ್ಕಾಲು ಕಿಲೋ ಆಸುಪಾಸು ಬಂದಿತ್ತು. ಜನವರಿಯಲ್ಲಿ ಮತ್ತೆ ಫೋನ್.

"ಕಾಕಾ, ಮೀನ ಮೇವ ಮುಟ್ಟವಲ್ಲವು. ಫೀಡ್ ಬದಲ ಮಾಡ್ಲೇನ್ರಿ?"

"ನೀರಾಗ ಕೈ ಇಟ್ಟು ನೋಡೀಯೇನು?"

"ಭಾಳ ತಣ್ಣಗದ್ರಿ."

ನೀರು 20 ಡಿಗ್ರಿ ಕೆಳಗಿಳಿದರೆ ಗೆಂಡೆಗಳ ಹಸಿವು ಕುಗ್ಗುತ್ತದೆ. ಮಧ್ಯಾಹ್ನ ಎರಡಕ್ಕೆ ಒಂದೇ ಹೊತ್ತು, ತಿಂದಷ್ಟೇ ಹಾಕು, ಉಳಿದ ಚೀಲದ ಬಾಯಿ ಗಟ್ಟಿ ಕಟ್ಟಿಡು ಅಂದೆ.